ಅಜ್ಜಿಯ ಗಾಡಿ ಹೋಗುವಷ್ಟು ದಾರಿ

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂಬುದು ನಮ್ಮಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. ಯಾರಾದರೂ ಕೇಳಿದರೆ, "ಮಾರೋಕೆ ಏನೂ ಇಲ್ಲದೋರಿಗೆ ಜಾಹೀರಾತು ಬರ್ಕೊಡ್ತಾಳೆ" ಎನ್ನುತ್ತಾಳೆ. ನಿಜ ಹೇಳಬೇಕೆಂದರೆ ನಮ್ಮ ಕಸುಬನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಹೊಳೆ ಕಾಯುವವರು, ಬೀದಿನಾಯಿ ಸಾಕುವವರು, ಮರೆವಿನ ಕಾಯಿಲೆಯ ಮುದುಕರನ್ನು ನೋಡಿಕೊಳ್ಳುವವರು, ಇಂಥ ಸಂಘಗಳು ನಮ್ಮ ಬಳಿ ಬರುತ್ತವೆ. ಮಾಡುವ ಕೆಲಸ ಚಿನ್ನದಂಥದ್ದು, ಬಾಯಿ ಬಿಟ್ಟರೆ ಮಾತ್ರ ಕೇಳುವವರಿಗೆ ಆಕಳಿಕೆ. ಏನು ಹೇಳಬೇಕು, ಯಾರಿಗೆ ಹೇಳಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ಹೇಳಿಕೊಡುವುದು ನಮ್ಮ ಕೆಲಸ. ನಾವು ಎಂದರೆ ಇಬ್ಬರೇ. ಮಾನ್-ಲಿಂಗ್ ಎಂಬ ನಾನು, ಮತ್ತು ಪತ್ರಿಕೆಯ ನೌಕರಿ ಬಿಟ್ಟು ಬಂದ ಕಾವ್. ನಾನು ರಾಜಧಾನಿ ತೈಪೆಯಿಂದ ಬಂದವಳು, ಅವನು ದಕ್ಷಿಣದ ಈ ತೈನಾನ್‌ನಲ್ಲೇ ಹುಟ್ಟಿ ಬೆಳೆದವನು. ಈ ಊರಲ್ಲಿ ನಾನು ಮಾಡುವ ತಪ್ಪುಗಳಿಗೆಲ್ಲ ಅವನು ಇದೇ ಕಾರಣ ಕೊಡುತ್ತಾನೆ.

ನಮ್ಮ ಕಚೇರಿ ಒಂದು ಚಹಾದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಡಿದಾದ ಮರದ ಮೆಟ್ಟಿಲು, ಲಿಫ್ಟ್ ಇಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ಕೆಳಗಿನಿಂದ ಹೆಣ್ಣುದನಿಯೊಂದು ಕೇಳಿತು. ಕೂಗಿದ್ದಲ್ಲ, ಸುಮ್ಮನೆ ಮಾತಾಡಿದ್ದು. ಆದರೂ ಪ್ರತಿ ಅಕ್ಷರವೂ ಕಿಟಕಿಯೊಳಗೆ ಬಂತು.

"ಮೇಲಿರೋರೇ! ಜನರ ಹತ್ರ ಮಾತಾಡೋದು ಹೇಗೆ ಅಂತ ಹೇಳ್ಕೊಡ್ತೀರಂತೆ. ಸ್ವಲ್ಪ ಕೆಳಗಿಳಿದು ಮಾತಾಡ್ತೀರಾ?"

ಬಗ್ಗಿ ನೋಡಿದರೆ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು. ಅರವತ್ತು ದಾಟಿದ ವಯಸ್ಸು, ತುಟಿಗೆ ಕೆಂಪು ಬಣ್ಣ, ಕೊರಳಲ್ಲಿ ರೇಷ್ಮೆಯ ವಸ್ತ್ರ. ಮಗುವಾಗಿದ್ದಾಗಲೇ ಪೋಲಿಯೋ ಕಾಲುಗಳನ್ನು ತಿಂದಿತ್ತು. ಹೆಸರು ಪೆಂಗ್ ಯೂ-ಲಾನ್. ಅಂದಿನಿಂದ ನಮಗೆ ಪೆಂಗ್ ಅಕ್ಕ. ಎಲ್ಲರಿಗೂ ಬಾಗಿಲು ತೆರೆದಿರಲಿ ಎಂದು ಊರಿಗೆ ಬರೆದುಕೊಡುವ ನಾವು ಮಹಡಿ ಹತ್ತಿ ಕೂತಿದ್ದೆವು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದರೆ ಇದೇ. ಕಾವ್ ನಾಚಿಕೆಯಿಂದ ತನ್ನ ಮಂಡಿನೋವನ್ನೂ ಮರೆತು ಮೂರು ಮೆಟ್ಟಿಲಿಗೊಮ್ಮೆ ಹಾರಿ ಇಳಿದ. ಆಮೇಲಿನ ಮಾತುಕತೆಗಳೆಲ್ಲ ಚಹಾದಂಗಡಿಯ ಮುಂದೆಯೇ ನಡೆದವು.

ಪೆಂಗ್ ಅಕ್ಕ ಗಾಲಿಕುರ್ಚಿಯವರ ಸಣ್ಣ ಸಂಘವೊಂದನ್ನು ಕಟ್ಟಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ. ಹಳೆ ಉಪ್ಪಿನ ಬೀದಿಯ ಅಂಗಡಿ ಜಗಲಿಗಳ ನಡುವೆ ಇಳಿಜಾರು. ನಮ್ಮ ಬೀದಿಗಳಲ್ಲಿ ಅಂಗಡಿಯ ಮುಂದಿನ ಜಗಲಿಯೇ ಕಾಲುದಾರಿ, ಮೇಲೆ ಮಹಡಿಯ ನೆರಳು. ಆದರೆ ಜಗಲಿ ಅಂಗಡಿಯವನ ಸ್ವಂತದ್ದು, ಎತ್ತರ ಅವನ ಇಷ್ಟ. ಒಂದು ಮೊಣಕಾಲುದ್ದ, ಪಕ್ಕದ್ದು ಗೇಣುದ್ದ, ಅದರಾಚೆಯದು ಮತ್ತೆ ಮೇಲೆ. ಕಾಲಿದ್ದವರು ಹತ್ತಿ ಇಳಿದು ಹೋಗುತ್ತಾರೆ. ಪೆಂಗ್ ಅಕ್ಕನಂಥವರು ರಸ್ತೆಗಿಳಿದು ಸ್ಕೂಟರುಗಳ ಮಧ್ಯೆ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಅಂಗಡಿಯವರು ಒಪ್ಪಿದರೆ ನಗರಸಭೆ ಇಳಿಜಾರು ಕಟ್ಟಿಕೊಡಲು ತಯಾರಿತ್ತು. ಅಂಗಡಿಯವರು ಒಪ್ಪಿರಲಿಲ್ಲ.

"ಈ ಬೀದಿ ಹಿಂದೇನೇ ನನ್ನ ಮನೆ," ಎಂದರು. "ದಿನಾ ಬೆಳಿಗ್ಗೆ ಫಾಂಗ್ ಅಂಗಡೀಲಿ ಹೂಮೀನಿನ ಗಂಜಿ. ರಸ್ತೇಲಿ ನಿಂತು ಬೆರಳು ತೋರಿಸ್ತೀನಿ, ತಂದು ಕೊಡ್ತಾರೆ. ನನಗೆ ಒಳಗೆ ಕೂತು ತಿನ್ನಬೇಕು. ಅಷ್ಟೇ ನನ್ನ ಆಸೆ, ಬರ್ಕೋ."

ಕಾವ್ ಅವರನ್ನೇ ದಿಟ್ಟಿಸುತ್ತಿದ್ದ. "ಅಕ್ಕ, ನೀವು ಮಧ್ಯಾಹ್ನದ ರೇಡಿಯೋದಲ್ಲಿ..."

"ಹೌದು, ಮೂವತ್ತು ವರ್ಷ. ಆ ವಿಷಯ ಇನ್ನೊಂದು ಸಲ ಎತ್ತಿದ್ರೆ ಇಲ್ಲಿಂದಲೇ ವಾಪಸ್ ಹೋಗ್ತೀನಿ. ದನಿಯ ಋಣ ತೀರಿತು. ನನಗೆ ಬೇಕಾಗಿರೋದು ದಾರಿ."

ನಾನು ಸರಿ ಎಂದೆ. ನನಗೆ ಆ ಕಾರ್ಯಕ್ರಮ ಗೊತ್ತೂ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹೇಳುವ ಮೊದಲು ಕೇಳಬೇಕು. ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಬೇಡ ಎನ್ನುವವರ ಮಾತನ್ನು ಮೊದಲು ಕಿವಿಗೆ ಹಾಕಿಕೊಳ್ಳಬೇಕು. ಹಾಗೆ ಸುತ್ತುವಾಗ ಸಂಘದವರನ್ನು ಕರೆದುಕೊಂಡು ಹೋಗಬಾರದು. ಎದುರಿಗಿದ್ದರೆ ಜನ ಮುಲಾಜಿಗೆ ಬಿದ್ದು ನಿಜ ಹೇಳುವುದಿಲ್ಲ. ಹಾಗಾಗಿ ಪೆಂಗ್ ಅಕ್ಕನನ್ನು ಚಹಾದಂಗಡಿಯಲ್ಲಿ ಬಿಟ್ಟು ನಾನೊಬ್ಬಳೇ ಹೊರಟೆ.

ಮಳೆನೀರು ಒಳಗೆ ಬರುತ್ತೆ ಎಂದರು. ಸ್ಕೂಟರ್ ಹತ್ತಿಸುತ್ತಾರೆ ಎಂದರು. ಕೊಡೆ ಅಂಗಡಿಯವನು ಗುಟ್ಟು ಹೇಳಿದ. ಅವನ ತಾತ ಪಕ್ಕದವರಿಗಿಂತ ಒಂದು ಇಟ್ಟಿಗೆ ಜಾಸ್ತಿ ಜಗಲಿ ಏರಿಸಿದ್ದ, ಅಂಗಡಿಯ ಭಾಗ್ಯ ಪಕ್ಕಕ್ಕೆ ಹರಿದುಹೋಗದಿರಲಿ ಎಂದು. ಪಕ್ಕದವರು ಸುಮ್ಮನಿರುತ್ತಾರೆಯೇ? ಎರಡು ಏರಿಸಿದರು. ಹೀಗೆ ಮೂರು ತಲೆಮಾರು ಪೈಪೋಟಿ ನಡೆದು ಬೀದಿ ಹಳ್ಳದಿಣ್ಣೆಯಾಗಿತ್ತು. "ಈಗ ಇಳಿಜಾರು ಹಾಕಿದ್ರೆ ನಮ್ಮಜ್ಜನ ಭಾಗ್ಯ ಎಲ್ಲ ಜಾರಿ ಅವರ ಅಂಗಡಿಗೆ ಹೋಗುತ್ತೆ" ಎಂದ. ನಗುತ್ತಲೇ ಹೇಳಿದ, ಆದರೆ ತಮಾಷೆಗಲ್ಲ.

ಗಂಜಿ ಅಂಗಡಿಯ ಯಜಮಾನ ಫಾಂಗ್ ಎಲ್ಲರಿಗಿಂತ ಗಟ್ಟಿ. ಜಗಲಿಯ ಅಂಚಿನಲ್ಲೇ ಅವನ ಒಲೆ. ಸೌಟು ಆಡಿಸುತ್ತಲೇ ಮಾತು.

"ಗಾಲಿಕುರ್ಚಿಯೋರು ನಮ್ಮ ಅಂಗಡಿಗೆ ಬರೋದೇ ಇಲ್ಲ. ಇಳಿಜಾರು ಯಾಕೆ?"

"ಮೆಟ್ಟಿಲಿರೋದಕ್ಕೇ ಬರೋದಿಲ್ಲ, ಯಜಮಾನ್ರೇ."

"ಬರೋದಿಲ್ವಲ್ಲ. ನಾನೂ ಅದನ್ನೇ ಹೇಳಿದ್ದು." ಸೌಟು ತಟ್ಟಿದ. "ಒಬ್ರು ಇದಾರೆ, ಪಾಪ. ಅವರಿಗೆ ರಸ್ತೆಗೇ ಒಯ್ದು ಕೊಡ್ತೀನಿ. ಸಾಲಲ್ಲಿ ಎಷ್ಟೇ ಜನ ಇರಲಿ, ಅವರಿಗೇ ಮೊದಲು. ಇನ್ನೇನು ಮಾಡ್ಬೇಕು ನಾನು?"

ಅಷ್ಟರಲ್ಲಿ ಅವನ ತಾಯಿ ಮಾರುಕಟ್ಟೆಯಿಂದ ಬಂದಳು. ಹಿಂದೆ ಎರಡು ಚಕ್ರದ ತರಕಾರಿ ಗಾಡಿ. ಪ್ರತಿ ಜಗಲಿಗೂ ಒಂದು ದಡಲ್, ಪ್ರತಿ ದಡಲ್‌ಗೂ ಒಂದು ಬೈಗುಳ, ಆ ಅಂಗಡಿಯವನ ಹೆಸರು ಹಿಡಿದು. ಕೊನೆಯ ಬೈಗುಳ ಮಗನಿಗೇ ಬಂತು. ಫಾಂಗ್ ಸೌಟು ಬಿಟ್ಟು ಓಡಿಹೋಗಿ ಗಾಡಿ ಎತ್ತಿಟ್ಟ.

ನನ್ನ ಕಸುಬಿನವರಿಗೆ ಇಂಥ ಗಳಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಗಾಲಿಕುರ್ಚಿಯವರು ಈ ಬೀದಿಗೆ ಹೊರಗಿನವರು, ಆದರೆ ಪ್ರತಿ ಅಂಗಡಿಯಲ್ಲೂ ಒಬ್ಬ ಅಜ್ಜಿ ಇದ್ದಾಳೆ, ಪ್ರತಿ ಅಜ್ಜಿಗೂ ಒಂದು ಗಾಡಿ ಇದೆ!

ಪೋಸ್ಟರಿನಲ್ಲಿ ಫಾಂಗ್ ಅಜ್ಜಿ ಬೊಚ್ಚುಬಾಯಿ ತೆರೆದು ನಗುತ್ತಾ ಗಾಡಿ ಎಳೆಯುತ್ತಿದ್ದಳು. ಕೆಳಗೆ, "ಅಜ್ಜಿ ಬರ್ತಿದ್ದಾರೆ, ದಾರಿ ಬಿಡಿ." ಪೆಂಗ್ ಅಕ್ಕನಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ನಾನೆಲ್ಲಿ?"

"ಅಜ್ಜಿ ಹಿಂದೆ ಇದೀರಿ ಅಕ್ಕ. ಮೊದಲು ಅಜ್ಜಿ ಒಳಗೆ ಹೋಗ್ಲಿ. ಒಂದ್ಸಲ ಬಾಗಿಲು ತೆಗೆದ್ಮೇಲೆ ಯಾರು ಮುಚ್ತಾರೆ?"

ಅವರು ತುಟಿಯ ಬಣ್ಣ ಸರಿಮಾಡಿಕೊಂಡು ಹೊರಟುಹೋದರು. ಒಪ್ಪಿದರು ಎಂದೇ ನಾನು ತಿಳಿದೆ.

ಪೋಸ್ಟರ್ ಬೀದಿಯನ್ನು ಗೆದ್ದಿತು. ಅಂಗಡಿಯವರು ತಾವಾಗಿಯೇ ಕೇಳಿ ಪಡೆದು ಅಂಟಿಸಿಕೊಂಡರು. ಅಜ್ಜಿಯಂದಿರು ಗುಂಪಾಗಿ ಹೋಗಿ ತಮ್ಮ ಮಕ್ಕಳನ್ನು ಝಾಡಿಸಿದರು. ಫಾಂಗ್ ಅಜ್ಜಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಮಾರುಕಟ್ಟೆಗೆ ಹೋಗುವಾಗಲೂ ಪೌಡರ್ ಹಾಕತೊಡಗಿದಳು. ಫಾಂಗ್ ಒಪ್ಪಿದ, ಪಕ್ಕದ ಅಕ್ಕಿ ಅಂಗಡಿಯವನು ಒಪ್ಪಿದ, ಕೊಡೆಯವನು ಮಾತ್ರ "ನೋಡೋಣ" ಎಂದ. ಮೊದಲ ಇಳಿಜಾರನ್ನು ಫಾಂಗ್ ಅಂಗಡಿಯ ಮುಂದೆಯೇ ಕಟ್ಟುವುದೆಂದಾಯಿತು. ನಾನು ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇಳಿಜಾರು ತೆರೆಯುವ ದಿನ ನಗರಸಭೆಯವರು ಬಂದರು, ಪಟಾಕಿ ಸಿಡಿಯಿತು, ಕ್ಯಾಮೆರಾಗಳು ಬಂದವು. ಅಜ್ಜಿ ಗಾಡಿ ಎಳೆದುಕೊಂಡು ರಾಣಿಯಂತೆ ಹತ್ತಿದಳು. ಚಕ್ರ ಸದ್ದು ಮಾಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಪತ್ರಿಕೆಯವರು ಅಜ್ಜಿಯನ್ನು ಬೀದಿಯ ಆ ತುದಿಗೆ ಕರೆದೊಯ್ದು ಮತ್ತೆ ಮತ್ತೆ ನಡೆಸಿದರು. ಆ ಗದ್ದಲದ ಮಧ್ಯೆ ಪೆಂಗ್ ಅಕ್ಕ ಇಳಿಜಾರಿನ ಬುಡಕ್ಕೆ ಬಂದರು.

ಮುಂದಿನ ಸಣ್ಣ ಚಕ್ರಗಳು ಹತ್ತಿದವು. ಹಿಂದಿನ ಒಂದು ಚಕ್ರ ಒಲೆಯ ಕಟ್ಟೆಗೆ ತಾಗಿ ನಿಂತಿತು, ಇನ್ನೊಂದು ಅಂಚಿನಾಚೆ ಗಾಳಿಯಲ್ಲಿ ತೇಲಿತು. ಇಳಿಜಾರು ಗಾಲಿಕುರ್ಚಿಗಿಂತ ಕಿರಿದಾಗಿತ್ತು. ಸಾಲದ್ದಕ್ಕೆ ಕಡಿದು ಬೇರೆ.

ಎಂಜಿನಿಯರ್ ನನ್ನ ಪಕ್ಕದಲ್ಲೇ ನಿಂತಿದ್ದ. "ಇದೇನ್ರೀ ಇದು?" ಎಂದೆ.

ಅವನಿಗೆ ಆಶ್ಚರ್ಯವಾಯಿತು. "ನೀವೇ ಅಲ್ವೇನ್ರೀ ಅಜ್ಜಿ ಗಾಡಿಗೆ ಅಂದಿದ್ದು? ಎಷ್ಟು ಅಗಲ ಬೇಕು ಅಂತ ಯಜಮಾನ್ರನ್ನ ಕೇಳ್ದೆ. ಅವರು ಗಾಡಿ ತಂದು ನೆಲದ ಮೇಲಿಟ್ಟು ತೋರಿಸಿದ್ರು. ಇಷ್ಟು ಸಾಕು, ಒಲೆ ಸರಿಸೋ ಹಾಗಿಲ್ಲ ಅಂದ್ರು."

ಪೋಸ್ಟರಿನ ಮಾತು ಅಷ್ಟು ಚೆನ್ನಾಗಿ ನಾಟಿತ್ತು. ಎಲ್ಲರೂ ಅಕ್ಷರಶಃ ನಂಬಿದ್ದರು. ಬೇರೆ ಕಸುಬಿನವರು ಕೆಲಸ ಕೆಡಿಸಿದರೆ ಸೋಲುತ್ತಾರೆ, ನಾವು ಗೆದ್ದು ಕೆಡಿಸುತ್ತೇವೆ.

ಫಾಂಗ್ ಓಡಿಬಂದ, ಇನ್ನಿಬ್ಬರೂ ಬಂದರು. "ಕುರ್ಚಿ ಸಮೇತ ಎತ್ತೋಣ, ಹಿಡ್ಕೊಳ್ರೋ!"

"ಕೈ ಹಚ್ಚಬೇಡಿ," ಎಂದರು ಪೆಂಗ್ ಅಕ್ಕ, ಪಿಸುದನಿಯಲ್ಲಿ. ತಾವೇ ಹಿಂದಕ್ಕೆ ಸರಿದು, ಕುರ್ಚಿ ತಿರುಗಿಸಿ, ರಸ್ತೆಗಿಳಿದರು.

ಚಹಾದಂಗಡಿಯ ಮುಂದೆ ನನಗೆ ಮಂಗಳಾರತಿಯಾಯಿತು.

"ರೇಡಿಯೋದ ವಿಷಯ ಎತ್ತಬೇಡ ಅಂದಿದ್ದೆ, ಈಗ ನಾನೇ ಎತ್ತುತ್ತೀನಿ, ಕೇಳು. ಮೂವತ್ತು ವರ್ಷ ಈ ಊರಿನೋರೆಲ್ಲ ನನ್ನ ದನಿ ಕೇಳಿದ್ರು. ಕೇಳುಗರ ಕೂಟ ನಡೀತಿತ್ತು ಪ್ರತಿ ವರ್ಷ. ಆಗ ಏನ್ ಮಾಡ್ತಿದ್ರು ಗೊತ್ತಾ? ಇನ್ನೊಬ್ಬಳು ಹುಡುಗೀನ ನನ್ನ ಹೆಸರಲ್ಲಿ ಕೂರಿಸ್ತಿದ್ರು. ಎತ್ತರ ಇದ್ಲು, ಚೆನ್ನಾಗಿದ್ಲು. ಗಂಟಲು ಕಟ್ಟಿದೆ ಅಂತ ಹೇಳಿ ಬರೀ ನಗ್ತಾ ಕೂತಿರ್ತಿದ್ಲು. ನಾನು ಮನೇಲಿ ಕೂತು ಮಾರನೇ ದಿನದ ಮಾತು ಬರೀತಿದ್ದೆ. ಕೇಳುಗರಿಗೆ ಬೇಜಾರಾಗುತ್ತೆ, ನೀವೇ ಯೋಚ್ನೆ ಮಾಡಿ ಅಕ್ಕ, ಅಂತಿದ್ರು. ಎಷ್ಟು ಮರ್ಯಾದೆಯಿಂದ ಅಂತಿದ್ರು! ನಿನ್ನ ಹಾಗೇನೇ."

"ಅಕ್ಕ, ನಿಮ್ಮ ಚಿತ್ರ ಹಾಕಿದ್ರೆ ಅವರು ಬೇಡ ಅಂತಿದ್ರು." ನನಗೂ ಸಿಟ್ಟು ಬಂದಿತ್ತು. "ನಾನು ಎಲ್ಲರನ್ನೂ ಕೇಳಿದೀನಿ."

"ಗಾಲಿಕುರ್ಚಿ ಬೇಕಾ ಅಂತ ಕೇಳಿದೀಯ. ಪೆಂಗ್ ಯೂ-ಲಾನ್ ಬರಬಹುದಾ ಅಂತ ಯಾರನ್ನ ಕೇಳ್ದೆ? ಬೇಡ ಅನ್ನೋದಾದ್ರೆ ನನ್ನ ಮುಖ ನೋಡಿ ಅನ್ಲಿ. ಆ ಭಾಗ್ಯಾನೂ ಇಲ್ವಾ ನನಗೆ?"

ಕಾವ್ ನನ್ನ ಕಪ್ಪನ್ನು ಮುಂದಕ್ಕೆ ತಳ್ಳಿದ. "ಚಹಾ ಕುಡಿ. ನಾಳೆ ಅಕ್ಕನ್ನೂ ಕರ್ಕೊಂಡು ಹೋಗು. ಪದ್ಧತಿ ಗಿದ್ಧತಿ ಅಂತ ಬಾಯಿ ತೆಗೆದ್ರೆ ನೋಡು."

ಮಾರನೆಯ ದಿನ ಗಿರಾಕಿಗಳ ಭರಾಟೆ ಇಳಿದ ಮೇಲೆ ಹೋದೆವು. ನನಗೆ ಹೆದರಿಕೆಯಿತ್ತು. ಫಾಂಗ್ ಒಲ್ಲೆ ಎಂದರೆ ಉಳಿದವರೂ ಹಾಗೇ ಅನ್ನುತ್ತಾರೆ, ಇಡೀ ಬೀದಿ ಅಜ್ಜಿಯ ಗಾಡಿಯ ಅಗಲಕ್ಕೇ ಕಟ್ಟಿಹೋಗುತ್ತದೆ. ಆಮೇಲೆ ಒಡೆದು ಕಟ್ಟುವವರು ಯಾರು?

ಪೆಂಗ್ ಅಕ್ಕ ರಸ್ತೆಯಲ್ಲೇ ನಿಂತರು. ಫಾಂಗ್ ಅವರನ್ನು ಕಂಡವನೇ ಬಟ್ಟಲಿಗೆ ಕೈ ಹಾಕಿದ.

"ಗಂಜಿ ಬೇಡ," ಎಂದರು. "ಒಳಗೆ ಬರಬೇಕು."

"ಅಯ್ಯೋ ಅಕ್ಕ, ನಿಮಗ್ಯಾಕೆ ತೊಂದ್ರೆ? ನಾನೇ ತಂದುಕೊಡ್ತೀನಲ್ಲ. ನಿಮಗೇ ಮೊದಲು, ಯಾವತ್ತಾದ್ರೂ ತಪ್ಸಿದೀನಾ?"

"ತಪ್ಸಿಲ್ಲ. ಅದೇ ತಪ್ಪು. ನಾನೂ ಎಲ್ಲರ ಹಾಗೆ ಒಳಗೆ ಬಂದು, ಕೂತು, ಮೇಜು ಒರೆಸಿಲ್ಲ ಅಂತ ನಿಮ್ಮನ್ನ ಬಯ್ಬೇಕು."

ಫಾಂಗ್ ಒಲೆ ನೋಡಿದ, ಅಕ್ಕನನ್ನು ನೋಡಿದ. "ನಮ್ಮ ತಾತ ಇಟ್ಟ ಒಲೆ ಅಕ್ಕ ಇದು. ಒಲೆ ಕದಲಿದ್ರೆ ಮನೆ ಕದಲುತ್ತೆ ಅಂತಾರೆ. ನಿಮ್ಮ ಮೇಲೆ ನನಗೇನೂ ಇಲ್ಲ. ಆದ್ರೆ ಆಗೋದಿಲ್ಲ."

ಮುಖ ನೋಡಿಯೇ ಹೇಳಿದ. ಅಕ್ಕ ಅದನ್ನು ಕಣ್ಣು ಕದಲಿಸದೆ ಕೇಳಿಸಿಕೊಂಡರು. "ಸರಿ. ಸ್ಪಷ್ಟವಾಗಿ ಹೇಳಿದ್ರಿ, ಸಂತೋಷ. ನಾಳೆ ಮತ್ತೆ ಬಂದು ಕೇಳ್ತೀನಿ. ನಾಡಿದ್ದೂ ಕೇಳ್ತೀನಿ."

ಅಂಗಡಿಯ ಒಳಗಿನಿಂದ ಪಾತ್ರೆ ಬಿದ್ದ ಸದ್ದು. ಫಾಂಗ್ ಅಜ್ಜಿ ಒದ್ದೆಗೈಯಲ್ಲೇ ಬಂದಳು. "ಯಾರದು ಮಾತಾಡಿದ್ದು? ಇನ್ನೊಂದ್ಸಲ ಮಾತಾಡಿ."

ಪೆಂಗ್ ಅಕ್ಕ ನನ್ನತ್ತ ಬಿರುಗಣ್ಣು ಬಿಟ್ಟರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

"ಮಧ್ಯಾಹ್ನದ ಯೂ-ಲಾನ್!" ಅಜ್ಜಿ ಕಂಬ ಹಿಡಿದುಕೊಂಡಳು. "ನನ್ನ ಗಂಡ ತೀರ್ಕೊಂಡ ವರ್ಷ ಕಾಗದ ಬರೆದಿದ್ದೆ. ಓದಿ, ಹಾಡು ಹಾಕಿ, ಮಧ್ಯಾಹ್ನ ಒಬ್ಬಳೇ ಊಟ ಮಾಡಬೇಡ, ನಾನು ಬರ್ತೀನಿ, ಜೊತೇಲಿ ಉಣ್ಣೋಣ ಅಂದಿದ್ರಿ. ಆಮೇಲೆ ರೇಡಿಯೋ ಹಾಕದೆ ಉಂಡೋಳೇ ಅಲ್ಲ ನಾನು. ಕೂಟಕ್ಕೂ ಬಂದಿದ್ದೆ. ಎತ್ತರದೋಳು ಒಬ್ಬಳು ಕೂತಿದ್ಲು, ಮಾತೇ ಆಡ್ಲಿಲ್ಲ. ನೀವು ಎತ್ತರದೋರು ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದರು ಪೆಂಗ್ ಅಕ್ಕ.

ಅಜ್ಜಿ ನಕ್ಕಳು, ಅತ್ತಳು, ಆಮೇಲೆ ಮಗನ ಕಡೆ ತಿರುಗಿದಳು. "ವರ್ಷಗಟ್ಲೆ ನಮ್ಮ ಅಡುಗೆಮನೆಯೊಳಗೇ ಇದ್ದೋಳನ್ನ ರಸ್ತೇಲಿ ನಿಲ್ಲಿಸ್ತೀಯೇನೋ, ಮುಟ್ಠಾಳ?"

ಗೆದ್ದೆವು ಎಂದುಕೊಂಡೆ. ಪೆಂಗ್ ಅಕ್ಕ ಮಾತ್ರ ಕೈ ಎತ್ತಿದರು.

"ಅದಕ್ಕೋಸ್ಕರ ಬೇಡ ಅಮ್ಮ. ನನ್ನ ದನಿಗೆ ಯಾವತ್ತೂ ಇಳಿಜಾರು ಬೇಕಾಗಿರ್ಲಿಲ್ಲ, ಅದು ಗೋಡೆ ದಾಟಿ ಬರ್ತಿತ್ತು. ನನ್ನ ಹಿಂದೆ ನಾಳೆ ಇನ್ನೊಬ್ಬರು ಬರ್ತಾರೆ. ಅವರು ರೇಡಿಯೋದಲ್ಲಿ ಇರಲ್ಲ. ಅವರಿಗೂ ಸರಿಸೋ ಹಾಗಿದ್ರೆ ಒಲೆ ಸರಿಸಿ. ನನಗೋಸ್ಕರ ಅಂತಾದ್ರೆ ಅಲ್ಲೇ ಇರ್ಲಿ."

ಫಾಂಗ್ ಬಹಳ ಹೊತ್ತು ಸೌಟು ತೊಳೆದ. ತೊಳೆದ ಸೌಟನ್ನೇ ಮತ್ತೆ ತೊಳೆದ. ಕೊನೆಗೆ ಯಾರ ಮುಖವನ್ನೂ ನೋಡದೆ ಗೊಣಗಿದ. "ಒಲೆ ಸುಮ್ನೆ ಸರಿಸೋಕಾಗಲ್ಲ. ಪಂಚಾಂಗ ನೋಡ್ಬೇಕು. ಒಳ್ಳೇ ದಿನ ಸಿಕ್ಬೇಕು."

ಅಜ್ಜಿ ಆಗಲೇ ಪಂಚಾಂಗ ತರಲು ಒಳಗೆ ಹೋಗಿದ್ದಳು.

ಪೋಸ್ಟರ್ ಬದಲಾಯಿತು. ಅಜ್ಜಿಯನ್ನು ತೆಗೆಯುತ್ತೇವೆಂದು ಯಾರೂ ಹೇಳಿರಲಿಲ್ಲ, ಆದರೂ ಅವಳೇ ಕಚೇರಿಗೆ ಬಂದು "ನನ್ನನ್ನ ತೆಗೆದ್ರೆ ನೋಡು" ಎಂದು ಜಗಳವಾಡಿ ಹೋದಳು. ಹೊಸದರಲ್ಲಿ ಇಬ್ಬರೂ ಅಕ್ಕಪಕ್ಕ, ಗಾಡಿ ಮತ್ತು ಗಾಲಿಕುರ್ಚಿ. ಮಾತು ಪೆಂಗ್ ಅಕ್ಕನದೇ, "ನಾವಿಬ್ಬರೂ ಒಳಗೆ ಬರ್ತಿದೀವಿ, ಸ್ವಲ್ಪ ಜರುಗಿ." ಮೊದಲಿನಷ್ಟು ಸಲೀಸಾಗಿ ಬೀದಿ ಒಪ್ಪಲಿಲ್ಲ. ಕೆಲವರು ಹಳೆಯ ಪೋಸ್ಟರೇ ಚೆನ್ನಾಗಿತ್ತು ಎಂದರು. ಪೆಂಗ್ ಅಕ್ಕ ಪ್ರತಿ ಅಂಗಡಿಗೂ ತಾವೇ ಹೋದರು, ಬೈಸಿಕೊಂಡರು, ಬೈದರು, ಮತ್ತೆ ಹೋದರು. ನಾನು ಹಿಂದೆ ಚೀಲ ಹಿಡಿದು ನಿಂತಿರುತ್ತಿದ್ದೆ. ಕೊಡೆ ಅಂಗಡಿಯವನು ಈಗಲೂ ಒಪ್ಪಿಲ್ಲ, ಅಲ್ಲಿ ಇವತ್ತಿಗೂ ರಸ್ತೆಗಿಳಿಯಬೇಕು. ಅವನ ಭಾಗ್ಯವನ್ನು ಅವನೇ ಇಟ್ಟುಕೊಳ್ಳಲಿ. ನಾವು ಕಚೇರಿಯನ್ನು ನೆಲಮಹಡಿಗೆ ತಂದೆವು, ಕಾವ್‌ನ ಮಂಡಿನೋವು ಅರ್ಧ ಇಳಿಯಿತು.

ಒಲೆ ಸರಿದು, ಇಳಿಜಾರು ಅಗಲವಾಗಿ ಗಾರೆ ಒಣಗಿದ ಮೊದಲ ಬೆಳಿಗ್ಗೆ ನಾವು ಯಾರನ್ನೂ ಕರೆಯಲಿಲ್ಲ. ಕ್ಯಾಮೆರಾ ಬೇಡ, ಪಟಾಕಿ ಬೇಡ ಎಂದು ಪೆಂಗ್ ಅಕ್ಕನ ಅಪ್ಪಣೆ. ಅಂಗಡಿ ತುಂಬಿ ಸಾಲು ಜಗಲಿಯವರೆಗೂ ಬಂದಿತ್ತು. ಅವರು ಕೆಂಪು ತುಟಿ ಬಿಗಿಹಿಡಿದು ಚಕ್ರ ತಳ್ಳಿದರು. ಕುರ್ಚಿ ಮೆಲ್ಲಗೆ ಹತ್ತಿತು, ಎಲ್ಲೂ ತಾಗಲಿಲ್ಲ. ಹೊಸಿಲು ದಾಟಿದ ಕೂಡಲೇ ಅಭ್ಯಾಸಬಲದಿಂದ ಬೆರಳೆತ್ತಿ ಫಾಂಗ್‌ಗೆ ತೋರಿಸಿದರು, ಒಂದು ಬಟ್ಟಲು.

ಫಾಂಗ್ ಬೆವರು ಸುರಿಸುತ್ತಾ ಮೀನು ಬಿಡಿಸುತ್ತಿದ್ದ. ತಲೆ ಎತ್ತಿದವನೇ ಗುಡುಗಿದ.

"ಏನಮ್ಮಾ ಅದು ಮಧ್ಯೆ ನುಗ್ಗೋದು? ಇವರೆಲ್ಲ ನಿಂತಿರೋದು ಕಾಣಿಸಲ್ವಾ? ಸಾಲಲ್ಲಿ ಬನ್ನಿ!"

ಯಾರೋ "ಛೆ" ಎಂದರು. ಮುಂದಿದ್ದವನೊಬ್ಬ ಸಂಕೋಚದಿಂದ ತನ್ನ ಜಾಗ ಬಿಡಲು ಪಕ್ಕಕ್ಕೆ ಸರಿದ.

"ನೀನು ಅಲ್ಲೇ ನಿಂತ್ಕೋ," ಎಂದರು ಪೆಂಗ್ ಅಕ್ಕ ಅವನಿಗೆ.

ಕುರ್ಚಿ ತಿರುಗಿಸಿ ಸಾಲಿನ ಕೊನೆಗೆ ಬಂದರು. ಅವರ ಕಣ್ಣು ತುಂಬಿತ್ತು, ಮುಖದ ತುಂಬ ನಗು. ಅಷ್ಟು ಸಂತೋಷದ ಮುಖವನ್ನು ನಾನು ಯಾವ ಪೋಸ್ಟರಿಗೂ ತಂದಿಲ್ಲ, ಇನ್ನು ತರಲಾರೆ ಕೂಡ. ನನಗೂ ತಡೆಯಲಾಗಲಿಲ್ಲ, ಅವರ ಕೈ ಹಿಡಿಯೋಣವೆಂದು ಮುಂದಕ್ಕೆ ಹೋದೆ.

"ಎಲ್ಲಿಗೆ ನುಗ್ತಿದೀಯ?" ಎಂದು ನನ್ನ ಕೈಗೆ ಒಂದು ಏಟು ಹಾಕಿದರು. "ನನ್ನ ಹಿಂದೆ ನಿಂತ್ಕೋ."